ಕ್ಯಾಪ್‌ಗೂ ಮೊದಲು ಬೇರಿನ ಚಿತ್ರ

ಹಲ್ಲಿಗೆ ಕ್ಯಾಪ್ ಹಾಕಿಸಬೇಕಾದಾಗ ನಮ್ಮ ವಿಚಾರಣೆಯೆಲ್ಲ ಕ್ಯಾಪಿನ ಬಗ್ಗೆಯೇ ಇರುತ್ತದೆ. ಮೆಟಲ್ಲೋ, ಸೆರಾಮಿಕ್ಕೋ, ಜಿರ್ಕೋನಿಯಾವೋ? ಗ್ಯಾರಂಟಿ ಎಷ್ಟು ವರ್ಷ? ಬಣ್ಣ ಪಕ್ಕದ ಹಲ್ಲಿಗೆ ಹೊಂದುತ್ತದೆಯೇ? ಅದನ್ನೆಲ್ಲ ಹೊರಬೇಕಾದ ಬೇರಿನ ಮಾತೇ ಬರುವುದಿಲ್ಲ. ಮೇಲಿನ ಕೋರೆಹಲ್ಲಿನಲ್ಲಿ ಕಣ್ಣಿಗೆ ಕಾಣುವ ಭಾಗ ಸರಾಸರಿ 10 ಮಿಲಿಮೀಟರ್ ಇದ್ದರೆ, ಒಳಗಿನ ಬೇರು 17 ಮಿಲಿಮೀಟರ್ ಉದ್ದವಿರುತ್ತದೆ. ಅಗಿಯುವಾಗಿನ ಒತ್ತಡವನ್ನು ಎಲುಬಿಗೆ ದಾಟಿಸುವುದು ಆ ಬೇರು. ಹಾಗಾಗಿ ಕ್ಯಾಪಾಗಲಿ, ಬ್ರಿಜ್ಜಾಗಲಿ, ಯಾವುದು ಬೇಕು, ಅಸಲಿಗೆ ಬೇಕೇ ಎಂಬುದು ಬೇರಿನ ಎಕ್ಸ್‌ರೇ ನೋಡಿದ ಮೇಲೆಯೇ ತೀರ್ಮಾನವಾಗಬೇಕು. ಎಕ್ಸ್‌ರೇ ಇಲ್ಲದೆ ಹಲ್ಲು ಅರೆಯಲು ಹೊರಡುವುದು ತಪ್ಪು ಎಂದೇ ನಾನು ಹೇಳುತ್ತೇನೆ. ಅರೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ದಂತವೈದ್ಯರು ಐಒಪಿಎ ಅಥವಾ ಆರ್‌ವಿಜಿ ಎಂದು ಚೀಟಿಯಲ್ಲಿ ಬರೆಯುವುದು ಎರಡು ಮೂರು ಹಲ್ಲುಗಳನ್ನು ಬೇರಿನ ತುದಿಯವರೆಗೂ ತೋರಿಸುವ ಪುಟ್ಟ ಚಿತ್ರವನ್ನು. ಅದರಲ್ಲಿ ಎನಾಮಲ್ ಅಚ್ಚ ಬಿಳಿ, ಅದರ ಕೆಳಗಿನ ಡೆಂಟಿನ್ ಬೂದು, ನಡುವೆ ಇಳಿಯುವ ನರದ ಕಾಲುವೆ ಕಪ್ಪುಗೆರೆ. ಬೇರಿನ ಸುತ್ತ ಕೂದಲೆಳೆಯಷ್ಟು ಸಣ್ಣದಾದ ಇನ್ನೊಂದು ಕಪ್ಪುಗೆರೆ ಹರಿದಿರುತ್ತದೆ: ಬೇರನ್ನು ಎಲುಬಿಗೆ ಬಿಗಿದಿರುವ ನಾರುಗಳ ಜಾಗ ಅದು. ಆರೋಗ್ಯವಾಗಿರುವ ಹಲ್ಲಿನಲ್ಲಿ ಈ ಗೆರೆ ಎಲ್ಲ ಕಡೆಯೂ ಒಂದೇ ಸಮನಾಗಿರುತ್ತದೆ. ಅದು ತುದಿಯಲ್ಲಿ ಅಗಲವಾಗಿದ್ದರೆ, ಅಥವಾ ಅಲ್ಲೊಂದು ಕಪ್ಪು ಮಚ್ಚೆ ಮೂಡಿದ್ದರೆ, ನೋವಿಲ್ಲದಿದ್ದರೂ ಒಳಗೆ ಸೋಂಕು ಇರಬಹುದು. ಎಲುಬು ಎಷ್ಟು ಕೆಳಗೆ ಇಳಿದಿದೆ, ಬೇರು ಎತ್ತ ಬಾಗಿದೆ, ಹಳೆಯ ರೂಟ್ ಕೆನಾಲ್ ತುದಿಯವರೆಗೆ ತುಂಬಿದೆಯೇ ಎಂಬುದೂ ಅಲ್ಲಿಯೇ ಕಾಣುತ್ತದೆ.

ಈ ವಿವರಗಳು ಚಿಕಿತ್ಸೆಯ ಯೋಜನೆಯನ್ನೇ ಬದಲಿಸುತ್ತವೆ. ರೂಟ್ ಕೆನಾಲ್ ಆಗಿ ಮೇಲ್ಭಾಗ ಮುರಿದ ಹಲ್ಲಿಗೆ ಬೇರಿನೊಳಗೆ ಪೋಸ್ಟ್ ಕೂರಿಸಿ, ಅದರ ಆಸರೆಯಲ್ಲಿ ಕ್ಯಾಪ್ ಕಟ್ಟುವುದುಂಟು. ತುದಿಯಲ್ಲಿ 4ರಿಂದ 5 ಮಿಲಿಮೀಟರ್ ಹಳೆಯ ತುಂಬುವಿಕೆ ಹಾಗೇ ಉಳಿಯಬೇಕು, ಪೋಸ್ಟ್ ಕನಿಷ್ಠ ಕ್ಯಾಪಿನ ಎತ್ತರದಷ್ಟಾದರೂ ಒಳಗಿರಬೇಕು ಎಂಬುದು ಸಾಮಾನ್ಯ ನಿಯಮ. ಬೇರು 12 ಮಿಲಿಮೀಟರ್, ಕ್ಯಾಪ್ 9 ಮಿಲಿಮೀಟರ್ ಎನ್ನಿ. ತುದಿಯ 5 ಕಳೆದರೆ ಉಳಿಯುವುದು 7; ಲೆಕ್ಕ ತಾಳೆಯಾಗುವುದಿಲ್ಲ. ಬೇರೆ ದಾರಿ ಹುಡುಕಬೇಕೆಂಬುದು ಹಲ್ಲು ಮುಟ್ಟುವ ಮೊದಲೇ ತಿಳಿಯಿತಲ್ಲ, ಚಿತ್ರದ ಉಪಕಾರ ಅದು. ಬ್ರಿಜ್‌ಗೆ ಬಂದರೆ, ಆಸರೆಯ ಹಲ್ಲುಗಳ ಬೇರಿನ ಒಟ್ಟು ಮೇಲ್ಮೈ ಕಳೆದುಹೋದ ಹಲ್ಲುಗಳ ಬೇರಿನ ಮೇಲ್ಮೈಗಿಂತ ಕಡಿಮೆ ಇರಬಾರದೆಂದು ಆಂಟೆ ಎಂಬವರು 1926ರಲ್ಲಿ ಹೇಳಿದರು. ಅದನ್ನು ಕಲ್ಲಿನ ಮೇಲಿನ ಗೆರೆಯೆಂದು ಈಗ ಯಾರೂ ಹಿಡಿಯುವುದಿಲ್ಲ. ಎಲುಬು ಸಾಕಷ್ಟು ಕರಗಿದ್ದರೂ ಒಸಡು ರೋಗಮುಕ್ತವಾಗಿದ್ದರೆ ಬ್ರಿಜ್ ವರ್ಷಗಟ್ಟಲೆ ನಿಲ್ಲಬಲ್ಲದೆಂದು ಸ್ವೀಡನ್ನಿನ ಸಂಶೋಧಕರು ಆಮೇಲೆ ತೋರಿಸಿದರು. ಆದರೆ ನಿಯಮ ಸಡಿಲವಾಯಿತೆಂದು ಚಿತ್ರ ಬೇಡವಾಗುವುದಿಲ್ಲ. ಎಷ್ಟು ಎಲುಬು ಉಳಿದಿದೆ ಎಂದು ಗೊತ್ತಿದ್ದರೆ ತಾನೇ ನಿಯಮವನ್ನು ಎಲ್ಲಿ ಸಡಿಲಿಸಬಹುದೆಂದು ಹೇಳಲು ಸಾಧ್ಯ?

ಅನುಭವಿ ವೈದ್ಯರಿಗೆ ಇದೆಲ್ಲ ಬೇಕೆ, ಬಾಯಿ ನೋಡಿದರೆ ಸಾಲದೆ ಎನ್ನುವವರಿದ್ದಾರೆ. ಸ್ಕಾಟ್ಲೆಂಡಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. ಬೇರಿಗೆ ಯಾವ ಚಿಕಿತ್ಸೆಯೂ ಆಗಿರದ, ಕ್ಯಾಪ್ ತೊಟ್ಟ ಹಲ್ಲುಗಳಲ್ಲಿ ಹೆಚ್ಚುಕಡಿಮೆ ಐದಕ್ಕೊಂದರ ಬೇರಿನ ತುದಿಯಲ್ಲಿ ರೋಗದ ಗುರುತು ಎಕ್ಸ್‌ರೇಯಲ್ಲಿ ಕಂಡಿತ್ತು. ಆ ರೋಗ ಕ್ಯಾಪಿಗೂ ಮೊದಲೇ ಇತ್ತೇ, ಹಲ್ಲು ಅರೆದ ಪೆಟ್ಟಿನಿಂದ ಬಂತೇ ಎಂಬುದನ್ನು ಮೊದಲಿನ ಚಿತ್ರವಿಲ್ಲದೆ ಯಾವ ಅನುಭವಿಯೂ ಹೇಳಲಾರರು.

ವಿಕಿರಣದ ಭಯ ಇನ್ನೊಂದು. ಅದು ಆಧಾರವಿಲ್ಲದೆ ಹುಟ್ಟಿದ ಭಯವಲ್ಲ. 1896ರಲ್ಲಿ ಜರ್ಮನಿಯ ಒಟ್ಟೊ ವಾಲ್ಕಾಫ್ ತಮ್ಮದೇ ಹಲ್ಲಿನ ಮೊದಲ ಎಕ್ಸ್‌ರೇ ತೆಗೆಯಲು 25 ನಿಮಿಷ ಕಿರಣಕ್ಕೆ ಬಾಯೊಡ್ಡಿದ್ದರು. ಅಮೆರಿಕದ ದಂತವೈದ್ಯ ಎಡ್ಮಂಡ್ ಕೆಲ್ಸ್ ವರ್ಷಗಟ್ಟಲೆ ಕಿರಣಕ್ಕೆ ಕೈಯೊಡ್ಡಿ, ಕ್ಯಾನ್ಸರಿನಿಂದ ಬೆರಳುಗಳನ್ನೂ ಕೊನೆಗೆ ತೋಳನ್ನೂ ಕಳೆದುಕೊಂಡರು. ಇಂದು ಅಂಥ ಒಂದು ಪುಟ್ಟ ಚಿತ್ರಕ್ಕೆ ಬೇಕಾಗುವುದು ಸೆಕೆಂಡಿನ ಒಂದು ಪಾಲು, ತಗಲುವ ವಿಕಿರಣ ಸಾಮಾನ್ಯವಾಗಿ 10 ಮೈಕ್ರೋಸೀವರ್ಟ್‌ಗಿಂತ ಕಡಿಮೆ. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2,400 ಮೈಕ್ರೋಸೀವರ್ಟ್ ಹೇಗೂ ತಗಲುತ್ತದೆ. ಅಂದರೆ ಒಂದು ಚಿತ್ರ ಹೆಚ್ಚೆಂದರೆ ಒಂದೆರಡು ದಿನದ ಸಹಜ ಪಾಲಿಗೆ ಸಮ. ಗರ್ಭಿಣಿಯರು ವಿಷಯವನ್ನು ಮೊದಲೇ ತಿಳಿಸಿಬಿಡಬೇಕು, ಅಷ್ಟೆ.

ಹಾಗಾದರೆ ಎಲ್ಲರಿಗೂ ಮೂರು ಆಯಾಮದ ಸ್ಕ್ಯಾನ್ ಮಾಡಿಸಿಬಿಟ್ಟರೇನು? ಪುಟ್ಟ ಎಕ್ಸ್‌ರೇ ಎಷ್ಟಾದರೂ ನೆರಳು. ಮುಂದಿನ ಬೇರೂ ಹಿಂದಿನ ಬೇರೂ ಒಂದರ ಮೇಲೊಂದು ಬೀಳುತ್ತವೆ. ಮೇಲ್ದವಡೆಯ ಮೊದಲ ದವಡೆಹಲ್ಲಿನಲ್ಲಿ ಅಡಗಿರುವ ನಾಲ್ಕನೆಯ ಕಾಲುವೆಯನ್ನು ಸಿಬಿಸಿಟಿ ಸ್ಕ್ಯಾನ್ ಚೆನ್ನಾಗಿ ತೋರಿಸುತ್ತದೆ, ನಿಜ. ಆದರೆ ವಿಕಿರಣವೂ ಖರ್ಚೂ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಬೇರಿನೊಳಗಿನ ಲೋಹದ ಪೋಸ್ಟ್ ಎಬ್ಬಿಸುವ ಗೆರೆಗಳು ಇಲ್ಲದ ಬಿರುಕನ್ನು ಇದೆ ಎಂದು ತೋರಿಸಿ, ಉಳಿಸಬಹುದಾದ ಹಲ್ಲನ್ನು ಕೀಳಿಸಿಬಿಡಬಹುದು. ಪುಟ್ಟ ಚಿತ್ರದಿಂದ ಪ್ರಶ್ನೆ ಬಗೆಹರಿಯದಾಗ ಮಾತ್ರ ಸ್ಕ್ಯಾನ್ ಎಂಬುದು ಅಮೆರಿಕದ ಬೇರುಚಿಕಿತ್ಸಾ ತಜ್ಞರ ಸಂಘದ ನಿಲುವೂ ಹೌದು. ಪುಟ್ಟ ಚಿತ್ರಕ್ಕೂ ಮಿತಿಗಳಿವೆ. ಎಲುಬಿನ ಖನಿಜ ಮೂರನೇ ಒಂದು ಪಾಲಿನಷ್ಟು ಕರಗುವವರೆಗೆ ಅದರಲ್ಲಿ ಏನೂ ಕಾಣದಿರಬಹುದು. ನರಕ್ಕೆ ಜೀವವಿದೆಯೇ ಎಂಬುದನ್ನಂತೂ ಅದು ಹೇಳುವುದೇ ಇಲ್ಲ. ಹಾಗಾಗಿ ಚಿತ್ರದ ಜೊತೆಗೆ ತಣ್ಣನೆಯ ಸ್ಪರ್ಶದ ಪರೀಕ್ಷೆ, ಹಲ್ಲನ್ನು ಮೆಲ್ಲಗೆ ತಟ್ಟಿ ನೋಡುವುದು, ಒಸಡಿನ ಆಳ ಅಳೆಯುವುದು ಬೇಕೇ ಬೇಕು.

ಚಿತ್ರ ತೆಗೆಸಿದವರು ಅದರ ಪ್ರತಿಯನ್ನು ಕೇಳಿ ಪಡೆಯಲಿ. ಈಗ ಅದು ಮೊಬೈಲಿಗೇ ಬರುತ್ತದೆ. ರೂಟ್ ಕೆನಾಲ್ ಆದ ಹಲ್ಲನ್ನು ಒಂದು ವರ್ಷದ ನಂತರ ಅದೇ ಕೋನದಲ್ಲಿ ಮತ್ತೆ ತೆಗೆಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಬೇರಿನ ತುದಿಯ ಕಪ್ಪು ಮಚ್ಚೆ ಕುಗ್ಗಿದ್ದರೂ ಪೂರ್ತಿ ಮಾಯವಾಗಿಲ್ಲವೆಂದು ಗಾಬರಿಪಡಬೇಕಿಲ್ಲ. ಎಲುಬು ಮತ್ತೆ ತುಂಬಿಕೊಳ್ಳಲು ನಾಲ್ಕು ವರ್ಷದವರೆಗೂ ಹಿಡಿಯಬಹುದು.