ಸಗಣಿ ಕಾಣುತ್ತದೆ, ಚಾಡಿಕೋರ ಕಾಣುವುದಿಲ್ಲ

ಈರೋಡ್ ಜಿಲ್ಲೆಯ ತಾಳವಾಡಿ ತಾಲ್ಲೂಕಿನ ಗುಮಟಾಪುರವು ಆಡಳಿತದಲ್ಲಿ ತಮಿಳುನಾಡಿನ ಊರು, ಮನೆಮಾತಿನಲ್ಲಿ ಕನ್ನಡದ ಊರು. 1956ರ ಭಾಷಾವಾರು ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದರೂ ತಾಳವಾಡಿಯ ಸೀಮೆ ಮದರಾಸಿನಲ್ಲಿಯೇ ಉಳಿಯಿತು. ಹೊರಜಗತ್ತು ಈ ಊರನ್ನು ವರ್ಷಕ್ಕೊಮ್ಮೆ, ದೀಪಾವಳಿಯ ಬಲಿಪಾಡ್ಯಮಿ ಕಳೆದ ಮೇಲೆ ನಡೆಯುವ ಗೊರೆ ಹಬ್ಬದ ನೆಪದಲ್ಲಿ ಮಾತ್ರ ನೆನೆಯುತ್ತದೆ. ಅದೂ ಬಹುಮಟ್ಟಿಗೆ ಮೊಬೈಲಿನ ಪರದೆಯಲ್ಲಿ ಅರೆನಿಮಿಷ ಓಡುವ ರೀಲ್ಸ್‌ಗಳ ಮೂಲಕ.

ಆ ತುಣುಕುಗಳಲ್ಲಿ ಕಾಣುವುದು ಬರಿಮೈಯ ಗಂಡಸರು ಸಗಣಿಯ ಉಂಡೆಗಳನ್ನು ಒಬ್ಬರಿಗೊಬ್ಬರು ಎರಚುವ ದೃಶ್ಯವೊಂದೇ. ದನಕರುಗಳಿರುವ ಮನೆಗಳಿಂದ ಸಗಣಿ ತಂದು ಬೀರೇಶ್ವರ ದೇವಾಲಯದ ಬಳಿ ರಾಶಿ ಹಾಕುವುದು, ಹುಲ್ಲಿನ ಗಡ್ಡಮೀಸೆ ಕಟ್ಟಿದ ‘ಚಾಡಿಕೋರ’ನನ್ನು, ಅಂದರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಊದಿ ಜಗಳ ಹಚ್ಚುವವನ ವೇಷಧಾರಿಯನ್ನು, ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡುವುದು, ರಾಶಿಗೆ ಪೂಜೆ ಸಲ್ಲಿಸಿದ ಮೇಲಷ್ಟೇ ಎರಚಾಟಕ್ಕೆ ಇಳಿಯುವುದು, ಇವೆಲ್ಲ ಸೇರಿದಾಗ ಮಾತ್ರ ಅದು ಹಬ್ಬವಾಗುತ್ತದೆ. ತಿಪ್ಪೆಯಲ್ಲಿ ಲಿಂಗವೊಂದು ದೊರೆತುದನ್ನು ಹೇಳುವ ಐತಿಹ್ಯವೂ ಇದರ ಹಿಂದಿದೆ. ಐತಿಹ್ಯವನ್ನು ಕ್ಯಾಮೆರಾ ಹಿಡಿಯಲಾರದು, ಯಾರಾದರೂ ಬಿಡಿಸಿ ಹೇಳಬೇಕು. ಬರೆಯುವವನು ತಾನು ಕಂಡದ್ದನ್ನು, ಊರಿನವರು ನಂಬಿದ್ದನ್ನು, ಹಿಂದಿನವರು ದಾಖಲಿಸಿದ್ದನ್ನು ಬೇರೆಬೇರೆ ವಾಕ್ಯಗಳಲ್ಲಿ ಇಡಬಲ್ಲನು. ನಿರೂಪಣೆಯಿಲ್ಲದ ದೃಶ್ಯಕ್ಕೆ ಈ ಬಗೆಯ ವಿವೇಚನೆ ಸಾಧ್ಯವಿಲ್ಲ.

2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಯೂಟ್ಯೂಬರ್ ಟೈಲರ್ ಒಲಿವೇರಾ ಈ ಹಬ್ಬವನ್ನು ಚಿತ್ರೀಕರಿಸಿ ಅದರ ತುಣುಕುಗಳನ್ನು ಜಾಲತಾಣಗಳಲ್ಲಿ ಹರಿಯಬಿಟ್ಟಾಗ, ಭಾರತೀಯರನ್ನು ಹೀಯಾಳಿಸುವವರಿಗೂ ಅವರಿಗೆ ಪ್ರತಿಯಾಗಿ ಕೆರಳಿದವರಿಗೂ ದೊಡ್ಡ ಕದನವೇ ನಡೆಯಿತು. ಎರಡೂ ಕಡೆಯ ಕೂಗಾಟದಲ್ಲಿ ಬೀರೇಶ್ವರನ ಹೆಸರು ಕೇಳಿಸಿದ್ದು ಕಡಿಮೆಯೇ. (ಚಾಡಿಕೋರನನ್ನು ಬಹಿರಂಗವಾಗಿ ಅಣಕಿಸುವ ಊರಿನ ಮೇಲೆಯೇ ಇಷ್ಟೊಂದು ಚಾಡಿ ಹಬ್ಬಿದ್ದು ವಿಚಿತ್ರವೇ ಸರಿ.) ನೋಡುಗರನ್ನು ಹೆಚ್ಚು ಹೊತ್ತು ಹಿಡಿದಿಡುವುದನ್ನೇ ಮುಂದೆ ತಳ್ಳುವ ಅಲ್ಗಾರಿದಮ್, ಅಂದರೆ ಯಾರಿಗೆ ಯಾವುದನ್ನು ತೋರಿಸಬೇಕೆಂದು ತೀರ್ಮಾನಿಸುವ ಗಣಕಸೂತ್ರವು, ಪೂಜೆಯನ್ನು ಬಿಟ್ಟು ಎರಚಾಟವನ್ನು ಆಯ್ದುಕೊಂಡರೆ ಅಚ್ಚರಿಯಿಲ್ಲ.

ಓದಿನ ಅನುಕೂಲ ಕಾಲದ ಲೆಕ್ಕದಲ್ಲಿಯೂ ಇದೆ. ಇಂಗ್ಲಿಷ್ ಓದಿನ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾರ್ಕ್ ಬ್ರಿಸ್ಬಾರ್ಟ್ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ವಯಸ್ಕರು ಮೌನವಾಗಿ ನಿಮಿಷಕ್ಕೆ ಸುಮಾರು 238 ಪದಗಳನ್ನು ಓದುತ್ತಾರೆ, ಸಾಮಾನ್ಯ ಮಾತಿನ ವೇಗವಾದರೋ 150ರ ಆಸುಪಾಸಿನದು. ಅದಕ್ಕಿಂತ ಮುಖ್ಯವಾದುದು, ಓದುಗನು ಬೇಡದ ಭಾಗವನ್ನು ದಾಟಿಹೋಗಿ ಅನುಮಾನ ಹುಟ್ಟಿಸಿದ ಸಾಲಿಗೆ ಹಿಂದಿರುಗಬಹುದು ಎಂಬುದು. ವಿಡಿಯೊದಲ್ಲಿ ಹಬ್ಬದ ದಿನಾಂಕವೊಂದನ್ನು ಹುಡುಕುವುದಕ್ಕೂ ಪರಿಚಯ, ಸಂಗೀತ, ಚಂದಾದಾರರಾಗಿರೆಂಬ ಕೋರಿಕೆ ಎಲ್ಲವನ್ನೂ ಸಹಿಸಬೇಕು. ಬರಹ ಹಗುರವೂ ಹೌದು: ಯೂನಿಕೋಡ್ ಎಂಬ ಜಾಗತಿಕ ಅಕ್ಷರ ಸಂಕೇತದ ಪ್ರಚಲಿತ ರೂಪದಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್‌ಗಳು ತಗಲುವುದರಿಂದ, ಸಾಧಾರಣ ಲೇಖನವೊಂದು ಕೆಲವೇ ಕಿಲೋಬೈಟ್‌ಗಳಲ್ಲಿ ಮುಗಿಯುತ್ತದೆ. ತಾಳವಾಡಿಯ ದಾರಿಯಲ್ಲಿ ಸಿಗುವ 27 ತಿರುವುಗಳ ದಿಂಬಂ ಘಾಟಿಯ ಮೇಲೆ, ಕಾಡಿನ ನಡುವೆ ಸಿಗ್ನಲ್ ಕುಸಿದಾಗಲೂ ಅಷ್ಟು ಬಂದು ತಲುಪೀತು.

ಆದರೂ ರಾಯ್ಟರ್ಸ್ ಇನ್‌ಸ್ಟಿಟ್ಯೂಟಿನ 2025ರ ವರದಿಯು, ಸುದ್ದಿಯನ್ನು ಓದುವುದಕ್ಕಿಂತ ನೋಡುವುದನ್ನೇ ಹೆಚ್ಚು ಜನ ಬಯಸುವ ದೇಶಗಳ ಸಾಲಿನಲ್ಲಿ ಭಾರತವನ್ನು ಸೇರಿಸುತ್ತದೆ. ಇದನ್ನು ಸೋಮಾರಿತನವೆಂದು ತಳ್ಳಿಹಾಕುವವರು ತಾಳವಾಡಿಯ ಸ್ಥಿತಿಯನ್ನು ಗಮನಿಸಬೇಕು. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿದ್ದರೂ, ತಮಿಳು ಮಾಧ್ಯಮದಲ್ಲಿ ಕಲಿತ ಕನ್ನಡಿಗನು ಕನ್ನಡದ ವಿಡಿಯೊವನ್ನು ಪೂರ್ತಿಯಾಗಿ ಗ್ರಹಿಸುತ್ತಾನೆ, ತನ್ನೂರಿನ ಬಗ್ಗೆ ಕನ್ನಡ ಪತ್ರಿಕೆಯಲ್ಲಿ ಬಂದ ವರದಿಯನ್ನು ಮಾತ್ರ ಓದಲಾರನು. ಲಿಪಿ ಬಾರದವನಿಗೆ ತಾಯ್ನುಡಿ ತಲುಪುವುದು ಕಿವಿಯ ಮೂಲಕವೇ, ಹಾಗಾಗಿ ಬರಹವೇ ಮೇಲೆಂಬ ವಾದ ಅವನ ಮಟ್ಟಿಗೆ ಪೊಳ್ಳು. ಇದಕ್ಕೆ ಪರಿಹಾರ ಒಂದಿಷ್ಟಾದರೂ ಫೋನಿನಲ್ಲಿಯೇ ಇದೆ: ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಈಗ ಸಾಮಾನ್ಯ ಮೊಬೈಲುಗಳಲ್ಲಿಯೂ ದೊರೆಯುತ್ತವೆ, ಉಚ್ಚಾರಣೆ ಅಲ್ಲಲ್ಲಿ ಎಡವಿದರೂ ಹಬ್ಬದ ವಿವರ ಕಿವಿಗೆ ಬೀಳುತ್ತದೆ.