ಪೆಟ್ರೋಲಿನ ಮಿತವ್ಯಯವೂ ಸರ್ಕಾರದ ಶಾಸನವೂ

ಹೊಸ ವಾಹನವನ್ನು ಕೊಳ್ಳಲು ಹೊರಟ ಗೃಹಸ್ಥನು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆಯು 'ಲೀಟರಿಗೆ ಎಷ್ಟು ಕಿಲೋಮೀಟರು ಓಡುತ್ತದೆ?' ಎಂಬುದೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದವರಿಗೆ ಈ ಪ್ರಶ್ನೆ ಸಹಜವಾದುದು. ಆದರೆ ಇದೇ ಪ್ರಶ್ನೆಯನ್ನು ಸರ್ಕಾರವು ವಾಹನಗಳ ತಯಾರಕರಿಗೆ ಹಾಕಿ, 'ಇಷ್ಟು ದೂರ ಓಡದಿದ್ದರೆ ದಂಡ ತೆರತಕ್ಕದ್ದು' ಎಂದು ವಿಧಿಸಬಹುದೆ? ವಿಧಿಸಿದರೆ ಲಾಭವಾರಿಗೆ, ನಷ್ಟವಾರಿಗೆ? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1975ರಿಂದಲೂ ನಡೆದುಬಂದ ಈ ವಾದವಿವಾದವನ್ನು ನಮ್ಮ ವಿದ್ಯಾರ್ಥಿಗಳಿಗೂ ಅವರ ತಾಯಿತಂದೆಗಳಿಗೂ ತಿಳಿಯಪಡಿಸಬೇಕೆಂದು ನಾವು ಬಯಸಿದ್ದೇವೆ.

1973ರ ಅಕ್ಟೋಬರಿನಲ್ಲಿ, ಇಸ್ರೇಲಿಗೆ ಯುದ್ಧದಲ್ಲಿ ನೆರವು ನೀಡಿದುದಕ್ಕಾಗಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ಎಣ್ಣೆಯನ್ನು ಮಾರುವುದನ್ನು ನಿಲ್ಲಿಸಿದುವು. ಕೆಲವೇ ತಿಂಗಳುಗಳಲ್ಲಿ ಕಚ್ಚಾ ಎಣ್ಣೆಯ ಬೆಲೆಯು ಸುಮಾರು ನಾಲ್ಕು ಪಟ್ಟು ಏರಿತು. ಪೆಟ್ರೋಲು ಬಂಕುಗಳ ಮುಂದೆ ಕಾರುಗಳ ಉದ್ದನೆಯ ಸಾಲುಗಳು ನಿಂತವು. ಆಗ ಅಲ್ಲಿಯ ಹೊಸ ವಾಹನಗಳು ಒಂದು ಗ್ಯಾಲನ್ನಿಗೆ ಸರಾಸರಿ 13 ಮೈಲಿಗಳಷ್ಟು, ಅಂದರೆ ಲೀಟರಿಗೆ ಐದೂವರೆ ಕಿಲೋಮೀಟರಿನಷ್ಟು ಮಾತ್ರ ಓಡುತ್ತಿದ್ದುವು. ಈ ಕಷ್ಟದ ಪಾಠದಿಂದಲೇ 1975ರ ಡಿಸೆಂಬರಿನಲ್ಲಿ ಅಧ್ಯಕ್ಷ ಫೋರ್ಡರು ಇಂಧನ ಮಿತವ್ಯಯದ ಶಾಸನಕ್ಕೆ ಸಹಿ ಹಾಕಿದರು. ಕಾರುಗಳು 1978ರಲ್ಲಿ ಗ್ಯಾಲನ್ನಿಗೆ 18 ಮೈಲಿಯನ್ನೂ 1985ರಲ್ಲಿ 27.5 ಮೈಲಿಯನ್ನೂ ಮುಟ್ಟಬೇಕೆಂದು ಅದು ವಿಧಿಸಿತು. ಪ್ರತಿಯೊಂದು ಕಾರಿಗೂ ಈ ಕಟ್ಟಳೆಯಿಲ್ಲ. ಒಂದು ಕಂಪೆನಿಯು ಆ ವರ್ಷ ಮಾರಿದ ಕಾರುಗಳೆಲ್ಲದರ ಸರಾಸರಿಯು ಅಷ್ಟಿರಬೇಕು.

ಈ ಸರಾಸರಿಯ ಲೆಕ್ಕವನ್ನು ವಿದ್ಯಾರ್ಥಿಗಳು ಸ್ವಲ್ಪ ಗಮನಿಸಬೇಕು. ಒಂದು ಕಾರು ಲೀಟರಿಗೆ 10 ಕಿಲೋಮೀಟರು, ಇನ್ನೊಂದು 30 ಕಿಲೋಮೀಟರು ಓಡಲಿ. ಸರಾಸರಿ 20 ಎಂದು ಅವಸರದಲ್ಲಿ ಹೇಳಿಬಿಡುತ್ತೇವೆ. ಆದರೆ ಎರಡೂ ತಲಾ 300 ಕಿಲೋಮೀಟರು ಓಡಿದರೆ ಮೊದಲನೆಯದಕ್ಕೆ 30 ಲೀಟರು, ಎರಡನೆಯದಕ್ಕೆ 10 ಲೀಟರು ಬೇಕು. ಒಟ್ಟು 600 ಕಿಲೋಮೀಟರಿಗೆ 40 ಲೀಟರು. ಸರಾಸರಿ 15 ಮಾತ್ರ. ಅಮೆರಿಕದ ಶಾಸನವೂ ಈ ರೀತಿಯಲ್ಲಿಯೇ ಲೆಕ್ಕ ಹಾಕುತ್ತದೆ. ಇದರಿಂದ ಇನ್ನೊಂದು ಸಂಗತಿಯೂ ಹೊರಪಡುತ್ತದೆ. 10 ಕಿಲೋಮೀಟರಿನ ವಾಹನವನ್ನು 15ಕ್ಕೆ ಏರಿಸಿದರೆ 300 ಕಿಲೋಮೀಟರಿನಲ್ಲಿ 10 ಲೀಟರು ಉಳಿಯುತ್ತದೆ. 20ರದನ್ನು 30ಕ್ಕೆ ಏರಿಸಿದರೆ ಉಳಿಯುವುದು 5 ಲೀಟರು ಮಾತ್ರ. ಎಂದರೆ, ಹೆಚ್ಚು ಕುಡಿಯುವ ದೊಡ್ಡ ವಾಹನವನ್ನು ತಿದ್ದುವುದರಲ್ಲಿಯೇ ಹೆಚ್ಚಿನ ಉಳಿತಾಯವಿದೆ.

ಶಾಸನವು ಎಡವಿದುದು ಇಲ್ಲಿಯೇ. ಸರಕು ಸಾಗಿಸುವ ರೈತರ ಮತ್ತು ಕಸಬುದಾರರ ಅನುಕೂಲಕ್ಕೆಂದು ಹಗುರ ಟ್ರಕ್ಕುಗಳಿಗೆ ಬೇರೆಯಾದ, ಸಡಿಲವಾದ ಮಟ್ಟವನ್ನು ಇಡಲಾಗಿತ್ತು. 1996ರಿಂದ 2004ರವರೆಗೆ ಅದು 20.7 ಮೈಲಿಯಲ್ಲಿಯೇ ನಿಂತಿತ್ತು. ಎಸ್.ಯು.ವಿ. ಎಂಬ ಎತ್ತರದ ಕುಟುಂಬವಾಹನಗಳೂ ಈ ವರ್ಗದಲ್ಲಿಯೇ ಸೇರಿಕೊಂಡುವು. 1975ರಲ್ಲಿ ಮಾರಾಟವಾದ ಹೊಸ ವಾಹನಗಳಲ್ಲಿ ಸುಮಾರು ಐದರಲ್ಲೊಂದು ಪಾಲಿದ್ದ ಈ ವರ್ಗವು 2004ರ ಹೊತ್ತಿಗೆ ಅರ್ಧದಷ್ಟಾಯಿತು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲನ್ನು ತೆರೆದಿಟ್ಟಂತಾಯಿತು.

ಶಾಸನವನ್ನು ವಿರೋಧಿಸುವವರ ಆಕ್ಷೇಪಣೆಗಳಲ್ಲಿ ಅತ್ಯಂತ ಗಂಭೀರವಾದುದು ಪ್ರಾಣಕ್ಕೆ ಸಂಬಂಧಿಸಿದುದು. ಎಣ್ಣೆಯನ್ನು ಉಳಿಸಲು ತಯಾರಕರು ಕಾರುಗಳನ್ನು ಹಗುರವಾಗಿಯೂ ಚಿಕ್ಕದಾಗಿಯೂ ಮಾಡಿದರು. ಅಪಘಾತದಲ್ಲಿ ಅಂತಹ ಕಾರಿನಲ್ಲಿದ್ದವರಿಗೆ ಅಪಾಯ ಹೆಚ್ಚು ಎಂದು ಅವರ ವಾದ. ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿಯು 2002ರ ವರದಿಯಲ್ಲಿ, ವಾಹನಗಳು ಹೀಗೆ ಕುಗ್ಗಿದುದರಿಂದ 1993ನೆಯ ವರ್ಷವೊಂದರಲ್ಲಿಯೇ 1,300ರಿಂದ 2,600ರವರೆಗೆ ಹೆಚ್ಚಿನ ಸಾವುಗಳಾಗಿರಬಹುದೆಂದು ಅಂದಾಜು ಮಾಡಿತು. ಸಮಿತಿಯ ಇಬ್ಬರು ಸದಸ್ಯರು ಇದನ್ನು ಒಪ್ಪಲಿಲ್ಲ. ಅದೇ ವರದಿಯು, ವಾಹನಗಳ ಮಿತವ್ಯಯವು ಹೆಚ್ಚದೆ ಇದ್ದಿದ್ದರೆ ಅವುಗಳ ಇಂಧನ ವೆಚ್ಚವು ಶೇಕಡಾ 14ರಷ್ಟು ಅಧಿಕವಾಗುತ್ತಿತ್ತೆಂದೂ ಹೇಳಿತು. ಪೆಟ್ರೋಲಿನ ತೆರಿಗೆಯನ್ನು ಏರಿಸಿದರೆ ಜನರೇ ಕಡಮೆ ಓಡಿಸುತ್ತಾರೆ, ಕಟ್ಟಳೆ ಬೇಡವೆಂದು ಕೆಲವು ಅರ್ಥಶಾಸ್ತ್ರಜ್ಞರು ಹೇಳುತ್ತಾರೆ. ತೆರಿಗೆಯ ಭಾರವು ಬಡವರ ಮೇಲೆ ಹೆಚ್ಚಾಗಿ ಬೀಳುತ್ತದೆಂದೂ, ಹೊಗೆಯಿಂದಾಗುವ ಹಾನಿಯು ಕೊಳ್ಳುವವನ ಲೆಕ್ಕದಲ್ಲಿ ಬರುವುದಿಲ್ಲವೆಂದೂ ಶಾಸನದ ಪರವಾದವರು ಉತ್ತರ ಕೊಡುತ್ತಾರೆ.

2007ರ ಹೊಸ ಶಾಸನವು 2020ರೊಳಗೆ 35 ಮೈಲಿಯ ಗುರಿಯನ್ನಿಟ್ಟು, ನಾಲ್ಕು ಚಕ್ರಗಳ ನಡುವಿನ ವಿಸ್ತೀರ್ಣಕ್ಕೆ ತಕ್ಕಂತೆ ಮಟ್ಟವನ್ನು ಗೊತ್ತುಮಾಡುವ ಕ್ರಮಕ್ಕೆ ದಾರಿ ಮಾಡಿತು. ಕಾರನ್ನು ಕುಗ್ಗಿಸುವ ಒತ್ತಾಯ ಇದರಿಂದ ಕಡಮೆಯಾಯಿತು. ಆದರೆ ಹಿಗ್ಗಿಸಿದವರಿಗೆ ಸಡಿಲ ಮಟ್ಟ ದೊರೆಯುವಂತಾಯಿತೆಂಬ ಟೀಕೆಯೂ ಹುಟ್ಟಿತು. 2012ರಲ್ಲಿ ಮಟ್ಟವನ್ನು ಬಿಗಿಗೊಳಿಸಿದರು, 2020ರಲ್ಲಿ ಸಡಿಲಿಸಿದರು, 2022ರಲ್ಲಿ ಮತ್ತೆ ಬಿಗಿಗೊಳಿಸಿದರು. 2025ರ ಜುಲೈಯಲ್ಲಿ ದಂಡವನ್ನೇ ಸೊನ್ನೆಗೆ ಇಳಿಸಲಾಯಿತು.

ಈ ಪ್ರಶ್ನೆಯು ನಮ್ಮ ದೇಶಕ್ಕೂ ದೂರವಾದುದಲ್ಲ. ಬೇಕಾದ ಕಚ್ಚಾ ಎಣ್ಣೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚನ್ನು ಭಾರತವು ಹೊರಗಿನಿಂದ ತರಿಸುತ್ತದೆ. ಭಾರತ ಸರ್ಕಾರವು 2015ರಲ್ಲಿ ಪ್ರಕಟಿಸಿದ ಇಂತಹ ನಿಯಮಗಳು 2017ರಲ್ಲಿ ಜಾರಿಗೆ ಬಂದು, 2022ರಲ್ಲಿ ಬಿಗಿಯಾದವು. ಇಲ್ಲಿ ಮಟ್ಟವು ಕಾರಿನ ತೂಕವನ್ನು ಅನುಸರಿಸುತ್ತದೆ. ಮುಂದಿನ ಹಂತದಲ್ಲಿ ಚಿಕ್ಕ ಕಾರುಗಳಿಗೆ ರಿಯಾಯಿತಿ ಬೇಕೆ ಬೇಡವೆ ಎಂದು 2025ರಲ್ಲಿ ತಯಾರಕರಲ್ಲಿಯೇ ಭಿನ್ನಾಭಿಪ್ರಾಯ ತಲೆದೋರಿತು.

ಶಾಸನವು ಅವಶ್ಯಕವೆಂಬುದೇ ನಮ್ಮ ಅಭಿಪ್ರಾಯ. ಆದರೆ ಅಳತೆಗೋಲು ನೆಟ್ಟಗಿಲ್ಲದಿದ್ದರೆ ಒಳ್ಳೆಯ ಶಾಸನವೂ ವಕ್ರಫಲವನ್ನು ಕೊಡುತ್ತದೆ. ವಿದ್ಯಾರ್ಥಿಗಳು ತಮ್ಮ ಮನೆಯ ವಾಹನಕ್ಕೆ ಒಂದು ತಿಂಗಳು ಹಾಕಿಸಿದ ಪೆಟ್ರೋಲನ್ನೂ ಅದು ಓಡಿದ ದೂರವನ್ನೂ ಬರೆದಿಟ್ಟು, ನೂರು ಕಿಲೋಮೀಟರಿಗೆ ಎಷ್ಟು ಲೀಟರು ಖರ್ಚಾಯಿತೆಂದು ತಾಯಿತಂದೆಗಳೊಡನೆ ಕುಳಿತು ಲೆಕ್ಕ ಮಾಡಲಿ. ದೇಶಗಳು ವಾದಿಸುತ್ತಿರುವ ದೊಡ್ಡ ಲೆಕ್ಕವು ಈ ಚಿಕ್ಕ ಲೆಕ್ಕದ ವಿಸ್ತಾರವೇ ಎಂಬುದು ಆಗ ಮನವರಿಕೆಯಾದೀತು.