ಬಣ್ಣ ಹೋದರೆ ನೀರು ಶುದ್ಧವೇ?



ಇಳಕಲ್ ಸೀರೆ ನಿಮಗೆಲ್ಲ ಗೊತ್ತು. ಅದು ಬಾಗಲಕೋಟೆ ಜಿಲ್ಲೆಯ ಇಳಕಲ್ ಊರಿನದು. ಕೆಂಪು ಸೆರಗು ನೋಡಲು ಬಲು ಚೆಂದ. ಸೀರೆ ನೇಯುವ ಮೊದಲು ನೂಲಿಗೆ ಬಣ್ಣ ಹಾಕುತ್ತಾರೆ. ಆಮೇಲೆ ನೂಲನ್ನು ತೊಳೆಯುತ್ತಾರೆ.

ಹಾಕಿದ ಬಣ್ಣವೆಲ್ಲ ನೂಲಿಗೆ ಹಿಡಿಯುವುದಿಲ್ಲ. ಉಳಿದದ್ದು ನೀರಿನಲ್ಲೇ ಇರುತ್ತದೆ. ಆ ನೀರು ಚರಂಡಿಗೆ ಹೋದರೆ ಏನಾಗುತ್ತದೆ? ಚರಂಡಿಯಿಂದ ಹಳ್ಳ ಸೇರುತ್ತದೆ. ನೆಲದಲ್ಲಿ ಇಂಗಿ ಬಾವಿಗೂ ಬರಬಹುದು.

ಬಣ್ಣದ ನೀರಿನೊಳಗೆ ಬಿಸಿಲು ಸರಿಯಾಗಿ ಇಳಿಯುವುದಿಲ್ಲ. ನೀರಿನ ಗಿಡಗಳು ಸೊರಗುತ್ತವೆ. ಮೀನುಗಳಿಗೆ ಉಸಿರಾಟ ಕಷ್ಟವಾಗುತ್ತದೆ. ಕೆಲವು ಬಣ್ಣಗಳಿಂದ ಕ್ಯಾನ್ಸರ್ ಬರುವ ಅಪಾಯವೂ ಇದೆ. ಅದಕ್ಕೇ 1997ರಲ್ಲಿ ಭಾರತ ಸರ್ಕಾರ ಅಜೋ ಎಂಬ ಜಾತಿಯ ಹಲವು ಬಣ್ಣಗಳನ್ನು ನಿಷೇಧಿಸಿತು.

ಈ ಬಣ್ಣವನ್ನು ನೀರಿನಿಂದ ತೆಗೆಯಬಹುದೇ? ತೆಗೆಯಬಹುದು. ನಾವು ಬಿಸಾಡುವ ಶೇಂಗಾ ಸಿಪ್ಪೆ, ಭತ್ತದ ಹೊಟ್ಟು, ತೆಂಗಿನ ನಾರು ಇದಕ್ಕೆ ನೆರವಾಗುತ್ತವೆ.

ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ಸಂಜೆ ಮಾಡಿ ನೋಡಿದೆವು. ಶೇಂಗಾ ಸಿಪ್ಪೆಯನ್ನು ಚೆನ್ನಾಗಿ ತೊಳೆದು ಒಣಗಿಸಿದೆವು. ತೊಳೆಯದಿದ್ದರೆ ಸಿಪ್ಪೆಯದೇ ಕಂದು ಬಣ್ಣ ನೀರಿಗೆ ಬಿಡುತ್ತದೆ. ಒಣಗಿದ ಸಿಪ್ಪೆಯನ್ನು ಕುಟ್ಟಿ, ಜರಡಿ ಹಿಡಿದೆವು. ಶಾಲೆಯಿಂದ ತಂದ ಮಿಥಿಲೀನ್ ಬ್ಲೂ ಎಂಬ ನೀಲಿಯನ್ನು ಒಂದು ಲೀಟರ್ ನೀರಿಗೆ ಚಿಟಿಕೆಯಷ್ಟು ಹಾಕಿದೆವು. ಅದಕ್ಕೆ 2 ಹಿಡಿ ಪುಡಿ ಹಾಕಿ, ಒಂದು ತಾಸು ಆಗಾಗ ಕಲಕಿದೆವು. ಬಟ್ಟೆಯಲ್ಲಿ ಸೋಸಿದಾಗ ನೀಲಿ ಬಹಳ ಮಟ್ಟಿಗೆ ಹೋಗಿತ್ತು.

ಬಣ್ಣ ಎಲ್ಲಿ ಹೋಯಿತು? ಪುಡಿಯ ಮೈಗೆ ಅಂಟಿಕೊಂಡಿತು. ಪುಡಿ ಸಣ್ಣದಾದಷ್ಟೂ ಅಂಟಲು ಜಾಗ ಹೆಚ್ಚು. ತೆಂಗಿನ ಚಿಪ್ಪಿನಿಂದ ಕಾರ್ಖಾನೆಯಲ್ಲಿ ವಿಶೇಷ ಇದ್ದಿಲು ಮಾಡುತ್ತಾರೆ. ಅದರ ತುಂಬ ಕಣ್ಣಿಗೆ ಕಾಣದ ತೂತುಗಳು. ಅಂಥ ಒಂದೇ ಗ್ರಾಂ ಇದ್ದಿಲಿನ ಒಳಮೈ ಬಿಡಿಸಿ ಹಾಸಿದರೆ 5 ಗುಂಟೆ ಹೊಲಕ್ಕಿಂತ ಹೆಚ್ಚಾದೀತು!

ಮರುದಿನ ನೂಲು ತೊಳೆದ ಕೆಂಪು ನೀರಿಗೂ ಅದೇ ಪುಡಿ ಹಾಕಿದೆವು. ಕೆಂಪು ತುಸು ತೆಳುವಾಯಿತು, ಅಷ್ಟೇ. ಎಲ್ಲ ಬಣ್ಣವೂ ಒಂದೇ ಥರ ಅಂಟುವುದಿಲ್ಲ.

ಆಗ ಒಬ್ಬ ಅಕ್ಕ ನೀಲಿ ಹೋದ ನೀರು ತೋರಿಸಿ ಕೇಳಿದರು: “ಇದರ ಬಣ್ಣ ಹೋತಲ್ರೀ, ಈಗ ಕುಡೀಬಹುದೇನ್ರೀ?”

ಬೇಡ ಅಕ್ಕಾ, ಖಂಡಿತ ಬೇಡ! ತಿಳಿಯಾದ ನೀರೆಲ್ಲ ಶುದ್ಧ ನೀರಲ್ಲ. ಬಣ್ಣ ಹಾಕುವಾಗ ಉಪ್ಪು, ಸೋಡಾ, ಬೇರೆ ರಾಸಾಯನಿಕಗಳನ್ನೂ ಬಳಸುತ್ತಾರೆ. ಉಪ್ಪು ಕರಗಿದರೆ ಕಣ್ಣಿಗೆ ಕಾಣುತ್ತದೆಯೇ? ಸಿಪ್ಪೆಯ ಪುಡಿ ಆ ಉಪ್ಪನ್ನು ಹಿಡಿಯುವುದಿಲ್ಲ. ಈ ನೀರು ದನಕ್ಕೂ ಬೇಡ, ಹೊಲಕ್ಕೂ ಬೇಡ.

ಬಣ್ಣ ಹಿಡಿದ ಪುಡಿಯಲ್ಲೂ ವಿಷ ಇರಬಹುದು. ಅದನ್ನು ತಿಪ್ಪೆಗೆ ಹಾಕಬಾರದು. ಒಲೆಗೂ ಹಾಕಬಾರದು. ಮಕ್ಕಳ ಕೈಗೆ ಸಿಗದಂತೆ ಬೇರೆ ಚೀಲದಲ್ಲಿ ಕಟ್ಟಿಡಬೇಕು.

ಹಾಗಾದರೆ ಇದರಿಂದ ಏನು ಉಪಯೋಗ? ಬಣ್ಣ ತೆಗೆಯುವುದು ಮೊದಲ ಮೆಟ್ಟಿಲು. ಉಳಿದ ಮೆಟ್ಟಿಲುಗಳಿಗೆ ನೀರು ಶುದ್ಧ ಮಾಡುವ ಘಟಕ ಬೇಕು. ಒಂದು ಮನೆಯವರು ಅದನ್ನು ಕಟ್ಟಲಾರರು. ಬಣ್ಣ ಹಾಕುವ ಮನೆಗಳೆಲ್ಲ ಸೇರಿ ಕೇಳಬೇಕು. ಪುರಸಭೆಗೆ ಅರ್ಜಿ ಕೊಡಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆಯಬೇಕು.

ಈಗ ನಮಗೆ ಬರೆಯಲು ಬರುತ್ತದೆ. ಮೊದಲ ಅರ್ಜಿಯನ್ನು ನಾವೇ ಬರೆಯೋಣವೇ?